ನುಗ್ಲಿಕಚ್ಚು

ಮಡ್ಲಗೇರಿಯಲ್ಲಿ ಒಂದು ಕಟ್ಟಳೆಯಿತ್ತು. ಹೊಳೆಯಂಚಿನ ಗದ್ದೆಯ ಗಡಿಗೂಟವನ್ನು ಭರತದ ನೀರು ಏರಿ ನಿಂತಲ್ಲಿ ನೆಡಬೇಕು. ಇಳಿತದ ನೀರು ಸರಿದುಹೋದಲ್ಲಿ ನೆಡಕೂಡದು. ಎರಡರ ನಡುವಿನ ಕೆಸರು ಯಾರ ಸೊತ್ತೂ ಅಲ್ಲ. ದಿನಕ್ಕೆರಡು ಸಲ ಅದು ಹೊಳೆಯದು, ಉಳಿದ ಹೊತ್ತು ಏಡಿ ಹಿಡಿಯುವವರದು. ಈ ಕಟ್ಟಳೆಯನ್ನು ಊರಿಗೆ ಊರೇ ಒಂದು ಬೆಳಗ್ಗೆ ಕೂಡಿ ಮುರಿಯಿತು. ಮುರಿದದ್ದು ಕಾಗದದ ಮೇಲೆ ಇನ್ನೂ ಇದೆ, ಕಣ್ಣಿದ್ದವರು ಓದಬಹುದು.

ಕರಿಹೊಳೆ ಕಡಲು ಸೇರುವ ಅಳಿವೆಯ ಬಡಗಣ ದಂಡೆಯಲ್ಲಿ ಇಂದು ಮಡ್ಲಗೇರಿ ಎನ್ನಲು ಉಳಿದಿರುವುದು ಇಪ್ಪತ್ತೇಳು ಮನೆ, ಒಂದು ಶಾಲೆ, ಉಪ್ಪುನೀರು ತಡೆಯುವ ಒಂದು ಮಣ್ಣಿನ ಒಡ್ಡು. ಒಡ್ಡಿನ ಮಧ್ಯೆ ಒಂದು ಕಡೆ ನೀರು ನಾನೂರು ಹೆಜ್ಜೆ ಒಳಕ್ಕೆ ಬಂದು ನಿಲ್ಲುತ್ತದೆ. ದೋಣಿಗಳನ್ನು ಕಟ್ಟುವುದು ಅಲ್ಲಿ. ಆ ಜಾಗಕ್ಕೆ ನುಗ್ಲಿಕಚ್ಚು ಎನ್ನುತ್ತಾರೆ. ಹೊಳೆ ನುಗ್ಗಿ ಕಚ್ಚಿದ್ದರಿಂದ ಆ ಹೆಸರು ಬಂತೆಂದು ಹೊಸಬರು ಊಹಿಸುತ್ತಾರೆ. ಬಸ್ಸು ನಿಲ್ಲುವಲ್ಲಿನ ಫಲಕದ ಮೇಲೆ ಯಾರೋ ಜಾಣರು 'ನುಗ್ಗಿಕಚ್ಚು' ಎಂದು ತಿದ್ದಿಯೂ ಬರೆದಿದ್ದಾರೆ. ಅದು ತಪ್ಪು. ಅಲ್ಲಿ ಹೊಳೆ ನುಗ್ಗಿದ್ದೇ ಇಲ್ಲ. ನುಗ್ಗಿದ್ದು ಉಳಿದೆಲ್ಲ ಕಡೆ. ನುಗ್ಲಿ ಎಂಬುದು ಹಾಲಕ್ಕಿ ಒಕ್ಕಲಿಗರಲ್ಲಿ ಹೆಂಗಸರಿಗೆ ಇಡುವ ಹೆಸರು.

ಊರಿನ ಎರಡು ಹಳೆಯ ನಕಾಶೆಗಳಿವೆ, ಒಂದಕ್ಕೂ ಇನ್ನೊಂದಕ್ಕೂ ಮೂವತ್ತೆರಡು ವರ್ಷಗಳ ಅಂತರ. ಎರಡನ್ನೂ ತೆಳುಕಾಗದದ ಮೇಲೆ ಇಳಿಸಿಕೊಂಡು, ಕಿಟಕಿಯ ಗಾಜಿಗೆ ಒಂದರ ಮೇಲೊಂದು ಅಂಟಿಸಿ ನೋಡಿದರೆ ಎರಡರ ದಂಡೆಗಳು ಕೂಡುವುದೇ ಇಲ್ಲ. ಮೊದಲನೆಯದರಲ್ಲಿ ಅಳಿವೆಯ ಬಾಯಿ ಊರಿನಿಂದ ಒಂದೂವರೆ ಮೈಲಿ ತೆಂಕಕ್ಕಿದೆ. ಎರಡನೆಯದರಲ್ಲಿ ಅದು ಊರಿನ ನೇರ ಎದುರಿಗೆ ಬಂದಿದೆ. ನಡುವೆ ಎಪ್ಪತ್ತು ಎಕರೆ ನೆಲ ಕಾಣೆ. ಅಧ್ಯಯನಕ್ಕೆ ಬರುವ ಕಾಲೇಜಿನವರು ಈ ಎಪ್ಪತ್ತನ್ನೇ ಬರೆದುಕೊಂಡು ಹೋಗುತ್ತಾರೆ. ನನಗೆ ಅನುಮಾನ ಬಂದದ್ದು ಬೇರೆ ಕಾರಣಕ್ಕೆ. ಮೊದಲ ನಕಾಶೆಯಲ್ಲಿ ಊರಿನ ದಂಡೆ ರೂಲುಕೋಲು ಹಿಡಿದು ಎಳೆದಷ್ಟು ನೆಟ್ಟಗಿದೆ. ಕೆಸರಿನ ದಂಡೆ ಎಲ್ಲಿಯೂ ಹಾಗಿರುವುದಿಲ್ಲ. ಆ ನೆಟ್ಟನೆಯ ಗೆರೆಯ ಒಂದು ಕಡೆ ಮಾತ್ರ ಇಲಿ ಕಡಿದಂತೆ ಒಂದು ಕಚ್ಚು. ಬರೆದವನ ಕೈ ಜಾರಿರಬೇಕೆಂದು ಮೊದಲು ಭಾವಿಸಿದೆ. ಅಳೆದು ನೋಡಿದರೆ ಕಚ್ಚಿನ ಆಳ ಸರಿಯಾಗಿ ನಾನೂರು ಹೆಜ್ಜೆ. ಜಾರಿದ ಕೈ ಇಷ್ಟು ಲೆಕ್ಕವಾಗಿ ಜಾರುವುದಿಲ್ಲ.

ದೋಣಿ ನಡೆಸುವ ಮಂಕಾಳಿ ಗೌಡರಿಗೆ ಎಂಬತ್ತು ದಾಟಿದೆ. ಅವರ ಮುಂದೆ ನಕಾಶೆ ಬಿಡಿಸಿದಾಗ ಅವರು ಕೇಳಿದ್ದು ಒಂದೇ ಮಾತು: "ಮಾಸ್ತರ್ರೆ, ಇದು ಎಷ್ಟು ಗಂಟೆದು?"

ನಕಾಶೆಗೆ ವರ್ಷ ಇರುತ್ತದೆ, ಗಂಟೆ ಇರುವುದಿಲ್ಲ ಎಂದೆ.

"ನಿಮ್ಮ ಕಾಗದಕ್ಕೆ ಇಲ್ಲ. ಹೊಳಿಗೆ ಅದೆ," ಎಂದರು. ಆಮೇಲೆ ಅವರು ಹೇಳಿದ್ದನ್ನು, ಊರಿನ ಇನ್ನಿಬ್ಬರು ಹಿರಿಯರ ಮಾತಿನೊಡನೆ ತಾಳೆ ನೋಡಿ, ಇಲ್ಲಿ ಬರೆದಿದ್ದೇನೆ.

ಹಿಂದೆ ಒಮ್ಮೆ ಮಾಘ ಮಾಸದಲ್ಲಿ ನೆಲ ಅಳೆಯಲು ಸರ್ಕಾರದ ಮೋಜಣಿದಾರನೊಬ್ಬ ಸರಪಳಿ ಹೊರಿಸಿಕೊಂಡು ಬಂದನಂತೆ. ಘಟ್ಟದ ಮೇಲಿನವನು, ಕಡಲನ್ನು ಅದೇ ಮೊದಲು ಕಂಡವನು. ಆಗ ಊರಿನ ಯಜಮಾನ ಹಮ್ಮಣ್ಣ ಗೌಡ. ನಕಾಶೆಯಲ್ಲಿ ಎಲ್ಲಿಯವರೆಗೆ ಗೆರೆ ಬೀಳುತ್ತದೋ ಅಲ್ಲಿಯವರೆಗೆ ಊರಿನ ಗದ್ದೆ ಎಂಬುದು ಆತನಿಗೆ ತಿಳಿದುಹೋಯಿತು. ಅಮಾವಾಸ್ಯೆ ಕಳೆದ ಎರಡನೆಯ ದಿನ, ಸೂರ್ಯ ಹುಟ್ಟುವ ಹೊತ್ತಿಗೇ ಅಳತೆಯಾಗಲಿ ಎಂದು ಮೋಜಣಿದಾರನನ್ನು ಒಪ್ಪಿಸಿದ. ವರ್ಷದಲ್ಲೇ ನೀರು ಬಹಳ ದೂರ ಸರಿಯುವ ಹೊತ್ತು ಅದು. ಕೆಸರಿನ ತುದಿಯಲ್ಲಿ ಈ ಕಡೆಯಿಂದ ಆ ಕಡೆಗೆ ನಾರಿನ ಹಗ್ಗ ಎಳೆದು, ಹಗ್ಗದ ಗುಂಟ ಮನೆಗೊಂದರಂತೆ ಗೂಟ ನೆಡಿಸಿದ. ಗೆರೆ ನೆಟ್ಟಗಾದದ್ದು ಹಾಗೆ. ಮೋಜಣಿದಾರ ಕಣ್ಣಿಗೆ ಕೈ ಅಡ್ಡ ಹಿಡಿದು, "ನೀರು ಯಾವಾಗಲೂ ಅಲ್ಲಿಯೇ ಇರುತ್ತದೆಯೋ?" ಎಂದು ಕೇಳಿದನಂತೆ. ಹಮ್ಮಣ್ಣ ಗೌಡ, "ಹೌದೊಡೆಯಾ. ಅದಕ್ಕೆ ಹೋಗೂಕೆ ಬೇರೆ ಊರೆಲ್ಲದೆ?" ಎಂದ. ಕೆಸರಿನಲ್ಲಿ ನಿಂತ ಊರೆಲ್ಲ ನಕ್ಕಿತು. ಘಟ್ಟದವನೂ ನಕ್ಕು ಬರೆದುಕೊಂಡ.

ಮುಂದಿನದನ್ನು ಎರಡನೆಯ ನಕಾಶೆಯೇ ಹೇಳುತ್ತದೆ. ಕಾಗದದ ಮೇಲೆ ನೆಲವಾದದ್ದನ್ನು ನಿಜದ ನೆಲ ಮಾಡಲು ಊರವರು ಆ ಗೆರೆಯ ಮೇಲೆಯೇ ಕಲ್ಲಿನ ಒಡ್ಡು ಕಟ್ಟಿದರು, ಒಳಗೆ ಕೆಸರನ್ನು ಹಿಡಿದು ನಿಲ್ಲಿಸಿದ್ದ ಕಾಂಡ್ಲಾಗಿಡಗಳನ್ನು ಕಡಿದು ಬಿತ್ತಿದರು. ನೆರೆ ಬಂದಾಗ ಹೊಳೆ ಹರಡಿಕೊಳ್ಳುತ್ತಿದ್ದ ಜಾಗ ಅದು. ಹನ್ನೆರಡನೆಯ ಮಳೆಗಾಲದಲ್ಲಿ, ಹರಡಲು ಎಡೆಯಿಲ್ಲದ ಹೊಳೆ ಎದುರಿನ ಮರಳದಿಬ್ಬವನ್ನು ಕಡಿದು ಹೊಸ ಬಾಯಿ ಮಾಡಿಕೊಂಡಿತು. ಆ ಬಾಯಿಂದ ಕಡಲು ಒಳಕ್ಕೆ ಬಂತು. ಮೂರು ದಿನಗಳಲ್ಲಿ ಹೊಸ ಒಡ್ಡು ಹೋಯಿತು, ಅದರ ಹಿಂದೆ ತಲೆಮಾರುಗಳಿಂದ ಉಪ್ಪುನೀರು ತಾಳುವ ಕಗ್ಗದ ಭತ್ತ ಬೆಳೆದ ಹಳೆಯ ಗದ್ದೆಗಳೂ ಹೋದವು. ನನ್ನ ಅಳತೆಯಂತೆ ಎಪ್ಪತ್ತರಲ್ಲಿ ನಲವತ್ತೊಂದು ಎಕರೆ ಎಂದೂ ನೆಲವಾಗಿರಲೇ ಇಲ್ಲ. ನಿಜವಾಗಿ ಕಳೆದುಕೊಂಡದ್ದು ಇಪ್ಪತ್ತೊಂಬತ್ತು. ಹಳೆಯ ನಕಾಶೆ ನೋಡುವವರು ಅದರಲ್ಲಿ ಏನು ಬರೆದಿದೆ ಎಂಬುದರ ಜೊತೆಗೆ, ಯಾರು ಯಾವ ಹೊತ್ತಿನಲ್ಲಿ ಬರೆಸಿದರು ಎಂದೂ ಕೇಳಬೇಕು.

ಈಗಲೂ ನೀರು ಬಹಳ ಇಳಿದ ದಿನ ಒಡ್ಡಿನ ಮೇಲೆ ನಿಂತವರಿಗೆ ದೂರದಲ್ಲಿ ಪಾಚಿ ಹಿಡಿದ ಕಲ್ಲುಗಳ ಸಾಲು ನೆಟ್ಟಗೆ ಕಾಣುತ್ತದೆ. ಆ ಸಾಲು ಒಂದು ಕಡೆ ತಟ್ಟನೆ ಕಡಿದುಹೋಗಿ, ಒಂದು ಮನೆಯಗಲ ಬಿಟ್ಟು, ಮತ್ತೆ ಸುರುವಾಗುತ್ತದೆ. ಒಳಗೆ ಸಿಕ್ಕಿಕೊಂಡ ನೀರಿಗೆ ಆ ಮೂರು ದಿನ ಹೊರಗೆ ಹೋಗಲು ಇದ್ದದ್ದು ಅದೊಂದೇ ದಾರಿ. ಇಪ್ಪತ್ತೇಳು ಮನೆ ನಿಂತದ್ದು ಅದರಿಂದ ಎನ್ನುತ್ತಾರೆ. ಅಲ್ಲಿ ಒಡ್ಡು ಯಾಕಿಲ್ಲವೆಂದರೆ, ಅಲ್ಲಿ ಗೂಟವಿರಲಿಲ್ಲ.

ಆ ಬೆಳಗ್ಗೆ ಊರ ಜನ ನಗುತ್ತಿರುವಾಗ ನುಗ್ಲಿ ಎಂಬ ಗಂಡ ಸತ್ತ ಹೆಂಗಸು ತನ್ನ ಪಾಲಿನ ಗೂಟವನ್ನು ಕಿತ್ತು ಹೆಗಲಿಗೇರಿಸಿಕೊಂಡಳು. ಅವಳಿಗಿದ್ದದ್ದು ಹೊಳೆಯಂಚಿನ ಒಂದು ತುಂಡು ಗದ್ದೆ, ಒಂದು ಗುಡಿಸಲು, ಅದರಾಚೆ ಹೊಳೆಯ ಕಡೆಗೆ ಹಸು ಕಟ್ಟುವ ಒಂದು ಹಟ್ಟಿ. ಹಮ್ಮಣ್ಣ ಗೌಡ ಅಡ್ಡ ಬಂದು, ದನಿ ತಗ್ಗಿಸಿ, "ತಂಗೀ, ಎಲ್ಲರ ಗೂಟ ಅಲ್ಲಿರುವಾಗ ನಿಂದೊಂದು ಹಿಂದೆ ಬಂದ್ರೆ ಅವನಿಗೆ ಗುಮಾನಿ ಬತ್ತದೆ. ಹಾಂಗಾದ್ರೆ ನಿನ್ನ ಗದ್ದೆಗೆ ಊರ ಎತ್ತು ಇಳಿಯೂದಿಲ್ಲ, ನಿನ್ನ ಒಡ್ಡಿಗೆ ಊರ ಆಳು ಬರೂದಿಲ್ಲ. ಹೇಳಿಟ್ಟಿದ್ದೆ," ಎಂದ.

"ಸೈ," ಎಂದಳು ನುಗ್ಲಿ, ನಿಲ್ಲಲಿಲ್ಲ.

ಮೋಜಣಿದಾರನಿಗೆ ಇದು ಅರ್ಥವಾಗಲಿಲ್ಲ. ಬಿಟ್ಟ ನೆಲ ಮತ್ತೆ ಸಿಗುವುದಿಲ್ಲ, ಯೋಚಿಸು ಎಂದ.

"ಅದು ನಂದಲ್ಲೊಡೆಯಾ. ಅದರ ಧಣಿ ಹೊರಗೆ ಹೋಗಿದ್ದ, ಊಟದ ಹೊತ್ತಿಗೆ ಬತ್ತ."

ಮೋಜಣಿದಾರ ಹಮ್ಮಣ್ಣ ಗೌಡನ ಮುಖ ನೋಡಿದ. ಹಮ್ಮಣ್ಣ ಗೌಡ ಕಾಲಿನ ಕೆಸರು ನೋಡಿಕೊಂಡ. ನುಗ್ಲಿ ಮೊಣಕಾಲಿನವರೆಗೆ ಹೂತುಹೋಗುತ್ತ, ಒಣಗಿದ ಚಿಪ್ಪು ಕಸಕಡ್ಡಿ ಸಾಲುಗಟ್ಟಿದ್ದ ಭರತದ ಗುರುತಿನವರೆಗೆ ನಡೆದಳು. ಅದು ಅವಳ ಹಟ್ಟಿಗಿಂತ ಊರ ಕಡೆಗೆ, ಒಳಗಿತ್ತು. ಅಲ್ಲಿ ಗೂಟವಿಟ್ಟು, ಗುಡಿಸಲಿನಿಂದ ಒನಕೆ ತಂದು ಆರು ಏಟು ಹಾಕಿದಳು. ಬಳಿಕ ಗೂಟದಾಚೆ ಉಳಿದ ಹಟ್ಟಿಗೆ ಹೋಗಿ, ಹಸುವನ್ನು ಬಿಚ್ಚಿ, ಈಚೆಗೆ ತಂದು ಕಟ್ಟಿದಳು.