ಶೈಲಶ್ರೀಯ ಬುತ್ತಿ

ವಿಶ್ವವಿದ್ಯಾಲಯದ ಗಣಕ ಕೇಂದ್ರದಲ್ಲಿ ಇನ್ನೂರು ಯಂತ್ರಗಳು ಒಟ್ಟಾಗಿ ಲೆಕ್ಕ ಮಾಡುತ್ತಿದ್ದವು. ಅವುಗಳ ಉಸ್ತುವಾರಿ ಚನ್ನವೀರಪ್ಪ ಮೇಷ್ಟ್ರದು.

ಅವರ ಶಿಷ್ಯೆ ಶೈಲಶ್ರೀ ಹೊಳೆಯ ಹೂಳಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಮೂರು ತಿಂಗಳು ಕಾದ ಮೇಲೆ ಅವಳ ಸರದಿ ಬಂದಿತ್ತು. ಸಂಜೆ ನಾಲ್ಕರೊಳಗೆ ಅವಳ ಪ್ರೋಗ್ರಾಂ ಓಡದಿದ್ದರೆ ಯಂತ್ರಗಳು ಮುಂದಿನವರ ಪಾಲು.

ಬೆಳಗಿನಿಂದ ಅದು ಮೂರು ಸಲ ನಿಂತುಹೋಗಿತ್ತು.

“ಸರ್, ನಿಮ್ಮ ಯಂತ್ರಗಳಲ್ಲೇ ಏನೋ ದೋಷ. ನನ್ನ ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಓಡುತ್ತೆ.”

“ಏನು ಕಳಿಸಿದೆ?”

“ಕಂಟೇನರ್. ಪ್ರೋಗ್ರಾಂ, ಅದಕ್ಕೆ ಬೇಕಾದದ್ದು ಎಲ್ಲ ಸೇರಿಸಿ ಒಂದೇ ಗಂಟು ಕಟ್ಟಿದ್ದೀನಿ. ಎಲ್ಲಿ ಬಿಚ್ಚಿದರೂ ಓಡಬೇಕು.”

“ಎಲ್ಲ?”

“ಎಲ್ಲ, ಸರ್.”

ಮೇಷ್ಟ್ರು ಗಡಿಯಾರ ನೋಡಿದರು. “ಒಂದು ಗಂಟೆ ಆಯ್ತು. ಬುತ್ತಿ ಬಿಚ್ಚು, ಊಟ ಮಾಡು.”

“ಈಗಲಾ? ನಾಲ್ಕು ಗಂಟೆಗೆ...”

“ಹಸಿದವರಿಗೆ ಯಂತ್ರದ ಮೇಲೆ ಸಿಟ್ಟು ಜಾಸ್ತಿ.”

ಅವಳು ಎಂದಿನಂತೆ ಅವರ ಮೇಜಿನ ಮುಂದೆಯೇ ಕುಳಿತು ಡಬ್ಬಿ ತೆರೆದಳು. ಮೊಸರನ್ನ. ಮೇಷ್ಟ್ರ ಮೇಜಿನ ಲೋಟದಲ್ಲಿದ್ದ ಚಮಚ ತೆಗೆದುಕೊಂಡು, ಇನ್ನೊಂದು ಕೈ ಚಾಚಿದಳು. ಕೈಗೆ ಏನೂ ಸಿಗಲಿಲ್ಲ.

“ಸರ್, ಉಪ್ಪಿನಕಾಯಿ ಭರಣಿ ಎಲ್ಲಿ?”

“ಬೀರುವಿನಲ್ಲಿಟ್ಟೆ. ನಿನ್ನ ಬುತ್ತಿಯಲ್ಲಿ ಇಲ್ಲವಾ?”

“ನಾನು ಯಾಕೆ ತರಲಿ ಸರ್? ದಿನಾ ಇಲ್ಲೇ ಇರುತ್ತಲ್ಲ...”

ಮಾತು ಅರ್ಧಕ್ಕೇ ನಿಂತಿತು. ಅವಳು ಡಬ್ಬಿ ಸರಿಸಿ ಲ್ಯಾಪ್‌ಟಾಪ್ ತೆರೆದಳು. ತನ್ನ ಕಡತಗಳು ಯಾವುವೂ ಕಂಟೇನರಿಗೆ ಕಾಣದಂತೆ ಮುಚ್ಚಿ, ಅದನ್ನು ಮತ್ತೆ ಓಡಿಸಿದಳು.

“ಸರ್, ಇಲ್ಲೂ ನಿಂತಿತು!”

“ಅದಕ್ಕೆ ಇಷ್ಟು ಖುಷಿನಾ?”

“ಮರಳಿನ ಕಣಗಳ ಪಟ್ಟಿ, ಸರ್! ಅದು ಗಂಟಿನಲ್ಲಿ ಇರಲೇ ಇಲ್ಲ. ಇಷ್ಟು ದಿನ ನನ್ನ ಲ್ಯಾಪ್‌ಟಾಪ್‌ನಿಂದ ಓದಿಕೊಳ್ತಿತ್ತು. ನನಗೇ ಗೊತ್ತಿರಲಿಲ್ಲ.”

ಪಟ್ಟಿಯನ್ನು ಒಳಗಿಟ್ಟು ಗಂಟನ್ನು ಮತ್ತೆ ಕಟ್ಟಿದಳು. ಮೂರೂಮುಕ್ಕಾಲಿಗೆ ಕಳಿಸಿದಳು. ಪರದೆಯ ಮೇಲೆ ಮೊದಲ ಸಾಲು ಬಂತು, ಎರಡನೆಯದು ಬಂತು. ಆಮೇಲೆ ನಿಲ್ಲಲಿಲ್ಲ.

ಮೇಷ್ಟ್ರು ಭರಣಿ ತಂದು ಮೇಜಿನ ಮೇಲಿಟ್ಟರು.

“ಬೇಡ ಸರ್,” ಎಂದು ನಕ್ಕು ಶೈಲಶ್ರೀ ಡಬ್ಬಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. “ಇವತ್ತು ನನ್ನ ಬುತ್ತಿಯಲ್ಲಿ ಇರೋದು ಮಾತ್ರ.”

ಅವಳು ಎರಡು ತುತ್ತು ತಿನ್ನುವವರೆಗೂ ಮೇಷ್ಟ್ರು ನೋಡುತ್ತಿದ್ದರು.

“ಆ ಚಮಚ ಯಾರದಮ್ಮ?”