ಏಳಿ ಎನ್ನುವವರು ಇಲ್ಲದಾಗ

“ಬುದ್ಧಿ, ಹೇಳಿದ ಮಾತು ಕೇಳುವ ಮಕ್ಕಳಿಗೆ ಸುಳ್ಳು ಗಂಟೆ ಬಾರಿಸಿ ಹೊರಗೆ ಓಡುವುದನ್ನು ಬೇರೆ ಏಕೆ ಕಲಿಸಬೇಕು?”

ಕೇಳಿದವಳು ನೀಲಾಂಬಿಕೆ. ಮಠದ ಶಾಲೆಯಲ್ಲಿ ನಾಲ್ಕನೆಯ ತರಗತಿಯ ಶಿಕ್ಷಕಿ. ಕೇಳಿಸಿಕೊಂಡವರು ಮಠದ ಗುರುಗಳು. ಆ ಸೀಮೆಯಲ್ಲಿ ಗುರುಗಳನ್ನು ಎಲ್ಲರೂ ‘ಬುದ್ಧಿ’ ಎಂದೇ ಕರೆಯುತ್ತಾರೆ.

ಬೆಂಕಿ ಬಿದ್ದರೆ, ನೆಲ ನಡುಗಿದರೆ ಮಕ್ಕಳು ಹೇಗೆ ಹೊರಗೆ ಬರಬೇಕೆಂದು ತಿಂಗಳಿಗೊಮ್ಮೆ ಅಭ್ಯಾಸ ಮಾಡಿಸುವುದು ಆ ವರ್ಷ ಶಾಲೆಗೆ ಬಂದ ಹೊಸ ಪದ್ಧತಿ. ಮರುದಿನದ ಅಭ್ಯಾಸದ ಹೊಣೆ ನೀಲಾಂಬಿಕೆಯದು. ಗಂಟೆ ಯಾವಾಗ ಬಾರಿಸಬೇಕು, ಯಾವ ತರಗತಿ ಯಾವ ಬಾಗಿಲಿನಿಂದ ಬರಬೇಕು, ಎಲ್ಲವನ್ನೂ ಅವಳೇ ಗೊತ್ತುಮಾಡಬೇಕು. ಅವಳಿಗೆ ಅದು ಬೇಡವಾಗಿತ್ತು. ಅವಳ ತರಗತಿಯ ಶಿಸ್ತು ಅವಳ ಹೆಮ್ಮೆ. ಅವಳು ಕಣ್ಣು ಹಾಯಿಸಿದರೆ ಮಕ್ಕಳು ಪುಸ್ತಕ ತೆರೆಯುತ್ತಿದ್ದರು, ಇನ್ನೊಮ್ಮೆ ಹಾಯಿಸಿದರೆ ಮುಚ್ಚುತ್ತಿದ್ದರು. ಅಂಥ ಮಕ್ಕಳನ್ನು ಗಂಟೆ ಬಾರಿಸಿ ಚೆಲ್ಲಾಪಿಲ್ಲಿ ಮಾಡುವುದು ಅವಳಿಗೆ ಹಿಡಿಸಲಿಲ್ಲ.

“ನಾನು ಏಳಿ ಅಂದ್ರೆ ಏಳ್ತಾರೆ, ನಡೀರಿ ಅಂದ್ರೆ ನಡೀತಾರೆ ಬುದ್ಧಿ. ಇನ್ನೇನು ಬೇಕು? ನಾಳೆಯದನ್ನ ಬಿಟ್ಟುಬಿಡ್ಲಾ?”

ಅಂದು ಸಂಜೆ ಬುದ್ಧಿಯವರಿಗೆ ಹಾಲು ಕಾಯಿಸುವ ಸರದಿಯೂ ಅವಳದೇ. ರಾತ್ರಿಯ ಊಟವೆಂದರೆ ಅವರಿಗೆ ಒಂದು ಲೋಟ ಹಾಲು, ಅಷ್ಟೆ. ಪಕ್ಕದ ಅಡುಗೆಮನೆಯಲ್ಲಿ ಹಾಲನ್ನು ಸೌದೆ ಒಲೆಯ ಮೇಲಿಟ್ಟು, ಒಂದೇ ಮಾತು ಕೇಳಿ ಬಂದುಬಿಡೋಣವೆಂದು ಅವಳು ಬಂದಿದ್ದಳು. ಬುದ್ಧಿಯವರು ಹೂಂ ಎನ್ನುತ್ತಾರೆ, ಇಲ್ಲವೆ ಊಹೂಂ ಎನ್ನುತ್ತಾರೆ ಎಂಬುದು ಅವಳ ಲೆಕ್ಕ. ಬುದ್ಧಿಯವರು ಎರಡನ್ನೂ ಅನ್ನಲಿಲ್ಲ. ಗೋಡೆಗೆ ಒರಗಿ ಕಾಲು ಚಾಚಿದರು. ಕತೆ ಹೇಳುವ ಮೊದಲು ಅವರು ಹಾಗೆ ಕೂರುತ್ತಿದ್ದರು.

ಅವರ ಎದುರು ಕುಳಿತವರು, ಅವರು ‘ಹೋಗಿ ಬಾ’ ಎನ್ನುವ ತನಕ ಏಳುವುದಿಲ್ಲ. ಹಾಗೆಂದು ಯಾರೂ ಕಟ್ಟುಮಾಡಿರಲಿಲ್ಲ, ಎಲ್ಲರೂ ಹಾಗೇ ಮಾಡುತ್ತಿದ್ದರು. ನೀಲಾಂಬಿಕೆ ಒಮ್ಮೆ ಅಡುಗೆಮನೆಯ ಕಡೆ ನೋಡಿದಳು. ಆಮೇಲೆ ಸೆರಗು ಸರಿಮಾಡಿಕೊಂಡು ಕುಳಿತಳು.

ಬುದ್ಧಿಯವರು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಹೆಡ್ಮಾಸ್ತರರಿದ್ದರು. ಅವರ ಶಾಲೆ ಶಿಸ್ತಿಗೆ ಹೆಸರಾಗಿತ್ತು. ಹೊಸಬರು ಆ ದಾರಿಯಲ್ಲಿ ಹೋದರೆ ‘ಇವತ್ತು ಸ್ಕೂಲಿಗೆ ರಜಾನಾ?’ ಎಂದು ಕೇಳುತ್ತಿದ್ದರು. ಅಷ್ಟು ನಿಶ್ಶಬ್ದ. ಮೇಷ್ಟ್ರು ‘ಕೈ ಕಟ್ಟಿ’ ಅಂದರೆ ಮಕ್ಕಳು ಕೈ ಕಟ್ಟುತ್ತಿದ್ದರು. ‘ಬಾಯಿ ಮೇಲೆ ಬೆರಳು’ ಅಂದರೆ ಬೆರಳಿಡುತ್ತಿದ್ದರು. ಬೆರಳು ತೆಗೆಯಿರಿ ಅನ್ನಲು ಮೇಷ್ಟ್ರು ಮರೆತರೆ ಊಟದ ಗಂಟೆಯ ತನಕ ಬೆರಳು ಅಲ್ಲೇ ಇರುತ್ತಿತ್ತು. ತಾಲ್ಲೂಕಿನಲ್ಲಿ ಉತ್ತಮ ಶಿಸ್ತಿಗೆಂದು ಒಂದು ಫಲಕ ಕೊಡುತ್ತಿದ್ದರು. ಅದು ಪ್ರತಿ ವರ್ಷ ಈ ಶಾಲೆಗೇ ಬರುತ್ತಿತ್ತು. ಹೆಡ್ಮಾಸ್ತರರು ಅದನ್ನು ತಾವೇ ಒರೆಸಿ ಮೇಜಿನ ಮೇಲೆ ಇಡುತ್ತಿದ್ದರು.

ಆಪತ್ತಿನ ಅಭ್ಯಾಸ ಮಾಡಿಸಬೇಕೆಂದು ಮೇಲಿನಿಂದ ಆದೇಶ ಬಂತು. ಹೆಡ್ಮಾಸ್ತರರು ಅದನ್ನೂ ಅಚ್ಚುಕಟ್ಟಾಗಿ ಯೋಜಿಸಿದರು. ಉದ್ದ ಗಂಟೆ ಬಾರಿಸಿದರೆ ಎಲ್ಲರೂ ಅಂಗಳದ ಹೊಂಗೆ ಮರದ ಕೆಳಗೆ ಬರಬೇಕು. ಪ್ರತಿ ತರಗತಿಗೂ ಅಲ್ಲೊಂದು ಜಾಗ. ಗಂಟೆ ಕೇಳಿದೊಡನೆ ಮೇಷ್ಟ್ರು ‘ಏಳಿ’ ಎನ್ನುತ್ತಾರೆ, ಮಕ್ಕಳು ಏಳುತ್ತಾರೆ. ‘ಸಾಲು’ ಎನ್ನುತ್ತಾರೆ, ಗಿಡ್ಡವರು ಮುಂದೆ ಉದ್ದನೆಯವರು ಹಿಂದೆ ನಿಲ್ಲುತ್ತಾರೆ. ‘ನಡೀರಿ’ ಎನ್ನುತ್ತಾರೆ, ನಡೆಯುತ್ತಾರೆ. ತಿಂಗಳಿಗೊಂದು ಶನಿವಾರ, ಪ್ರಾರ್ಥನೆ ಮುಗಿದ ಮೇಲೆ ಅಭ್ಯಾಸ. ಹೂವಿನ ಸರ ಎಳೆದ ಹಾಗೆ ಮಕ್ಕಳು ಹೊರಗೆ ಬರುತ್ತಿದ್ದರು. ನೋಡಲು ಬಂದವರು ಚಪ್ಪಾಳೆ ತಟ್ಟುತ್ತಿದ್ದರು.

ಒಮ್ಮೆ ಒಬ್ಬ ಮೇಷ್ಟ್ರು ಕೇಳಿದರು.

“ಸಾರ್, ಯಾರಿಗೂ ಹೇಳ್ದೆ ಒಂದಿನ ಗಂಟೆ ಹೊಡೆದು ನೋಡೋಣ್ವಾ?”

“ಚೆನ್ನಾಗಿ ನಡೀತಿರೋದನ್ನ ಯಾಕ್ರೀ ಕೆದಕ್ತೀರಾ?” ಅಂದರು ಹೆಡ್ಮಾಸ್ತರರು.

ಮಾತು ಅಲ್ಲಿಗೇ ನಿಂತಿತು.

ಒಂದು ದಿನ, ಶನಿವಾರವಲ್ಲದ ದಿನ, ಬಿಸಿಯೂಟದ ಅಡುಗೆಯವಳು ಸಾರಿನ ಪುಡಿಗೆಂದು ಬಾಣಲೆ ತುಂಬ ಒಣಮೆಣಸಿನಕಾಯಿ ಹುರಿಯಲು ಇಟ್ಟಳು. ಇಟ್ಟವಳು, ಸೊಪ್ಪು ಮಾರುವವನು ಬಾಡಿದ ಕಟ್ಟು ಕೊಟ್ಟನೆಂದು ಗೇಟಿನ ಬಳಿ ಜಗಳಕ್ಕೆ ನಿಂತಳು. ಜಗಳ ಬೆಳೆಯಿತು, ಮೆಣಸಿನಕಾಯಿ ಕರಿಯಾಯಿತು. ಹೊಗೆ ಕಾರಿಡಾರಿಗೆ ನುಗ್ಗಿತು. ಹೆಡ್ಮಾಸ್ತರರ ಕಣ್ಣು ಉರಿಯಿತು, ಗಂಟಲು ಕಟ್ಟಿತು. ಏನು ಸುಡುತ್ತಿದೆಯೆಂದು ಅವರಿಗೆ ತಿಳಿಯಲಿಲ್ಲ. ಓಡಿಹೋಗಿ ಉದ್ದ ಗಂಟೆ ಬಾರಿಸಿದರು.

ಮಕ್ಕಳು ಬಂದರು. ಸಾಲಾಗಿ, ಕೆಮ್ಮುತ್ತ, ಸೀನುತ್ತ ಬಂದರು. ಹೊಂಗೆ ಮರದ ಕೆಳಗೆ ತಮ್ಮ ತಮ್ಮ ಜಾಗದಲ್ಲಿ ನಿಂತರು. ಒಂದು ಜಾಗ ಮಾತ್ರ ಖಾಲಿ ಉಳಿಯಿತು. ಅದು ಮೂರನೆಯ ತರಗತಿಯದು. ಅಡುಗೆಮನೆಗೆ ಎಲ್ಲಕ್ಕಿಂತ ಹತ್ತಿರದ ಕೋಣೆ ಅವರದೇ.

ಅವರ ಮಿಸ್ಸು ಬೇರೆ ದಿಕ್ಕಿನಿಂದ ಓಡಿಬಂದಳು. ಚಾಕ್‌ಪೀಸ್ ತರಲು ಆಫೀಸಿಗೆ ಹೋಗಿದ್ದಳಂತೆ.

“ಅವರು ಬಂದಿಲ್ವಾ ಸಾರ್?” ಎಂದಳು. ಆ ಮಾತು ಕೇಳಿದಾಗ ಹೆಡ್ಮಾಸ್ತರರ ಕೈಯಲ್ಲಿದ್ದ ಗಂಟೆಯ ಸುತ್ತಿಗೆ ಕೆಳಗೆ ಬಿತ್ತು.

ಇಲ್ಲಿ ಬುದ್ಧಿಯವರು ಕತೆ ನಿಲ್ಲಿಸಿದರು. ನೀಲಾಂಬಿಕೆಯ ಮುಖವನ್ನೇ ನೋಡಿದರು.

ಅಡುಗೆಮನೆಯಿಂದ ಚುರ್ರೆಂದು ಸಣ್ಣ ಸದ್ದು ಬಂದಿತ್ತು. ನೀಲಾಂಬಿಕೆಗೆ ಅದೇನೆಂದು ಗೊತ್ತು. ಅವಳ ಒಂದು ಮಂಡಿ ತಾನಾಗಿ ಮೇಲೆದ್ದಿತು. ತಾನು ಮಿಸುಕಾಡಿದ್ದಕ್ಕೇ ಬುದ್ಧಿಯವರು ಕತೆ ನಿಲ್ಲಿಸಿದರೆಂದುಕೊಂಡು ಅವಳಿಗೆ ನಾಚಿಕೆಯಾಯಿತು. ಮಂಡಿಯನ್ನು ಮಡಚಿ ಕೆಳಗಿಟ್ಟಳು. ಬೆನ್ನು ನೆಟ್ಟಗೆ ಮಾಡಿ ಕುಳಿತಳು.

“ಆಮೇಲೆ ಬುದ್ಧಿ?” ಅಂದಳು.

“ಆಮೇಲೆಯಾ?” ಅಂದರು ಬುದ್ಧಿಯವರು. ಸಾವಕಾಶವಾಗಿ ಶಲ್ಯ ಕೊಡವಿ ಮತ್ತೆ ಹೊದ್ದುಕೊಂಡರು.

ಆಮೇಲೆ ಹೆಡ್ಮಾಸ್ತರರು ಓಡಿದರು. ಒಳಗೆ ಸುಡುತ್ತಿರುವುದು ಮೆಣಸಿನಕಾಯಿಯೋ ಶಾಲೆಯ ಸೂರೋ ಅವರಿಗಿನ್ನೂ ಗೊತ್ತಿಲ್ಲ. ಮೂರನೆಯ ತರಗತಿಯ ಬಾಗಿಲಲ್ಲಿ ನಿಂತು ನೋಡಿದರು. ಮಕ್ಕಳೆಲ್ಲ ಕುಳಿತಿದ್ದರು. ಒಂದು ಕೈ ಕಟ್ಟಿತ್ತು, ಇನ್ನೊಂದು ಕೈಯ ಬೆರಳು ಬಾಯಿಯ ಮೇಲಿತ್ತು. ಕಣ್ಣಿಂದ ಮೂಗಿಂದ ನೀರು ಹರಿಯುತ್ತಿತ್ತು. ಕೆಮ್ಮು ಬಂದರೆ ಬಾಯಿ ಮುಚ್ಚಿಕೊಂಡೇ ಕೆಮ್ಮುತ್ತಿದ್ದರು.

ಹೆಡ್ಮಾಸ್ತರರನ್ನು ಕಂಡೊಡನೆ ಎಲ್ಲರೂ ಎದ್ದು ನಿಂತರು.

“ನಮಸ್ತೇ ಸಾರ್” ಅಂದರು, ಒಟ್ಟಿಗೆ, ಕೆಮ್ಮುತ್ತ.

ಹೆಡ್ಮಾಸ್ತರರು ಮುಂದಿನ ಸಾಲಿನ ಹುಡುಗಿಯನ್ನು ಕೇಳಿದರು. ಅವಳು ಆ ತರಗತಿಯ ಲೀಡರು.

“ಗಂಟೆ ಕೇಳಿಸ್ಲಿಲ್ವೇನಮ್ಮ?”

“ಕೇಳಿಸ್ತು ಸಾರ್. ಮಿಸ್ಸು ಏಳಿ ಅಂದಿರ್ಲಿಲ್ಲ.”

ಹೆಡ್ಮಾಸ್ತರರು ‘ನಡೀರಿ’ ಅಂದರು. ಮಕ್ಕಳು ಗಿಡ್ಡವರು ಮುಂದೆ, ಉದ್ದನೆಯವರು ಹಿಂದೆ ನಿಲ್ಲತೊಡಗಿದರು. ಈ ತಿಂಗಳು ತಾನು ಉದ್ದವಾಗಿದ್ದೇನೆಂದು ಒಬ್ಬ ಹಿಂದಿನವನೊಡನೆ ಭುಜಕ್ಕೆ ಭುಜ ಅಳೆದು ನೋಡಿದ. ‘ಸಾಲು ಬೇಡ, ಓಡ್ರೋ’ ಅಂದರು ಹೆಡ್ಮಾಸ್ತರರು. ಅಂಥ ಮಾತನ್ನು ಆ ಶಾಲೆಯಲ್ಲಿ ಯಾರೂ ಕೇಳಿದ್ದಿಲ್ಲ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಹೆಡ್ಮಾಸ್ತರರು ಸಿಕ್ಕಿದ ಇಬ್ಬರನ್ನು ಕಂಕುಳಲ್ಲಿ ಇರುಕಿಕೊಂಡು, ಉಳಿದವರನ್ನು ಮೊಣಕೈಯಿಂದ ನೂಕಿಕೊಂಡು ಹೊರಗೆ ಬಂದರು.

ಯಾರಿಗೂ ಏನೂ ಆಗಿರಲಿಲ್ಲ. ಕಣ್ಣು ಕೆಂಪಾಗಿತ್ತು, ಅಷ್ಟೆ. ಅಂದಿನ ಸಾರು ಸಪ್ಪೆಯಾಗಿತ್ತು, ಮಕ್ಕಳು ನಗುತ್ತ ಉಂಡರು. ಹೆಡ್ಮಾಸ್ತರರು ಮಾತ್ರ ಊಟಕ್ಕೆ ಬರದೆ ಮೇಜಿನ ಮೇಲಿನ ಫಲಕವನ್ನು ನೋಡುತ್ತ ಕುಳಿತಿದ್ದರು.

ಮುಂದಿನ ಅಭ್ಯಾಸ ಶನಿವಾರ ನಡೆಯಲಿಲ್ಲ. ಹೆಡ್ಮಾಸ್ತರರು ಒಂದು ದಿನ ಪಾಠದ ನಡುವೆ ಮೇಷ್ಟ್ರುಗಳನ್ನು ಒಬ್ಬೊಬ್ಬರಾಗಿ ಕರೆಸಿ ಹೊಂಗೆ ಮರದ ಕೆಳಗೆ ನಿಲ್ಲಿಸಿದರು. ಆಮೇಲೆ ಉದ್ದ ಗಂಟೆ ಬಾರಿಸಿ ತಾವೂ ಅಲ್ಲಿಗೆ ಹೋಗಿ ನಿಂತರು.

ಯಾರೂ ಬರಲಿಲ್ಲ.

ಒಂದು ಕಿಟಕಿಯಲ್ಲಿ ಒಂದು ತಲೆ ಕಂಡಿತು, ಒಳಗೆ ಹೋಯಿತು. ಒಬ್ಬ ಮೇಷ್ಟ್ರು ಚಡಪಡಿಸಿದರು.

“ಒಂದು ಕೂಗು ಹಾಕಿಬರ್ತೀನಿ ಸಾರ್.”

“ಬೇಡ. ನೀವು ಕೂಗಿದ್ರೆ ಅಭ್ಯಾಸ ಆಗೋದು ನಿಮ್ಮ ಗಂಟ್ಲಿಗೆ” ಅಂದರು ಹೆಡ್ಮಾಸ್ತರರು.

ಕಾದರು. ಮೂರನೆಯ ತರಗತಿಯ ಲೀಡರು ಹುಡುಗಿ ಮೆಲ್ಲಗೆ ಹೊರಗೆ ಬಂದಳು. ಜಗಲಿಯ ತುದಿಯಲ್ಲಿ ನಿಂತಳು. ಮರದ ಕೆಳಗೆ ಇಡೀ ಶಾಲೆಯ ಮೇಷ್ಟ್ರುಗಳು ನಿಂತಿರುವುದನ್ನು ಕಂಡು ಜಗಲಿಯ ಕಂಬವನ್ನು ಹಿಡಿದುಕೊಂಡಳು.

“ಬರ್ಲಾ ಸಾರ್?” ಎಂದು ಕೇಳಿದಳು.

ಹೆಡ್ಮಾಸ್ತರರಿಗೆ ‘ಬಾ ಮಗು’ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡರು. ತಿರುಗಿ, ಅವಳಿಗೆ ಬೆನ್ನು ಹಾಕಿ, ಹೊಂಗೆ ಮರವನ್ನು ನೋಡುತ್ತ ನಿಂತರು. ಉಳಿದ ಮೇಷ್ಟ್ರುಗಳೂ ಬೆನ್ನು ಹಾಕಿದರು. ಹುಡುಗಿ ಆ ಬೆನ್ನುಗಳನ್ನು ನೋಡಿದಳು. ಕೇಳಲು ಯಾರೂ ಉಳಿದಿರಲಿಲ್ಲ. ಆಗ ಅವಳು ಒಳಕ್ಕೆ ತಿರುಗಿ ಕೂಗಿದಳು.

“ಬರ್ರೋ, ಬರ್ರೇ, ಯಾರೂ ಹೇಳಲ್ವಂತೆ!”

ಶಾಲೆಗೆ ಶಾಲೆಯೇ ಹೊರಗೆ ಬಂತು. ಸಾಲಿಲ್ಲ, ಗಿಡ್ಡ ಉದ್ದ ಇಲ್ಲ. ಒಬ್ಬನ ಕೈಯಲ್ಲಿ ಊಟದ ತಟ್ಟೆ, ಒಬ್ಬಳ ಕೈಯಲ್ಲಿ ಗ್ಲೋಬು. ಹೆಡ್ಮಾಸ್ತರರು ತಿರುಗಿ ನೋಡಿದರು. ಅವರ ಕಣ್ಣು ಒದ್ದೆಯಾಗಿತ್ತು. ಅಂದು ಮೆಣಸಿನಕಾಯಿ ಹುರಿದಿರಲಿಲ್ಲ.

ಅಲ್ಲಿಂದ ಮುಂದೆ ಅಭ್ಯಾಸ ತಿಂಗಳಿಗೊಂದು ತರಹ. ಒಂದು ಸಲ ಮುಂದಿನ ಬಾಗಿಲಿಗೆ ಅಗುಳಿ ಹಾಕಿಸಿದರು. ಮಕ್ಕಳು ಹಿಂದಿನ ಬಾಗಿಲು ಹುಡುಕಿಕೊಂಡರು. ಊಟದ ತಟ್ಟೆಯನ್ನು ಬಿಟ್ಟು ಬರುವುದನ್ನೂ ಕಲಿತರು. ಇನ್ನೊಂದು ಸಲ, ಗಂಟೆಯ ಹೊತ್ತಿಗೆ ಕುರ್ಚಿಯಲ್ಲೇ ಮೂರ್ಛೆ ಹೋಗಬೇಕೆಂದು ಕನ್ನಡ ಮೇಷ್ಟ್ರಿಗೆ ಹೇಳಿದರು. ಅವರು ಭಾರೀ ಆಳು. ದೊಡ್ಡ ಮಕ್ಕಳು ಅವರನ್ನು ಕುರ್ಚಿ ಸಮೇತ ಎತ್ತಿಕೊಂಡರು. ಜಗಲಿಯ ಮೆಟ್ಟಿಲು ಬಂದಾಗ ಮೇಷ್ಟ್ರಿಗೆ ಭಯವಾಯಿತು.

“ಇಳಿಸ್ರೋ, ನಾನೇ ನಡೀತೀನಿ.”

“ನಿಮಗೆ ಎಚ್ಚರ ತಪ್ಪಿದೆ ಸಾರ್, ಮಾತಾಡ್ಬಾರ್ದು.”

ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಮರದ ಕೆಳಗೆ ಇಳಿಸಿದ ಮೇಲೂ ಬಹಳ ಹೊತ್ತು ತೆರೆಯಲಿಲ್ಲ.

ಮಿಕ್ಕ ಹೊತ್ತಿನಲ್ಲಿ ಮಕ್ಕಳು ಮೊದಲಿನ ಹಾಗೆಯೇ ಮಾತು ಕೇಳುತ್ತಿದ್ದರು. ಉದ್ದ ಗಂಟೆ ಬಾರಿಸಿದಾಗ ಮಾತ್ರ ಯಾರನ್ನೂ ಕೇಳುತ್ತಿರಲಿಲ್ಲ.

ವರ್ಷದ ಕೊನೆಗೆ ಫಲಕ ಕೊಡುವ ಅಧಿಕಾರಿ ಬಂದ. ಅಂದೇ ಅಭ್ಯಾಸವಿತ್ತು. ಅವನು ಕಾರಿನಿಂದ ಇಳಿಯುವಷ್ಟರಲ್ಲಿ ಮಕ್ಕಳು ಎಲ್ಲ ದಿಕ್ಕಿನಿಂದ ಅಂಗಳಕ್ಕೆ ಸುರಿದರು.

“ಏನ್ರೀ ಇದು, ಸಂತೆ ಥರ?” ಅಂದ ಅಧಿಕಾರಿ.

“ಹೌದು ಸಾರ್, ಸಂತೇನೇ” ಅಂದರು ಹೆಡ್ಮಾಸ್ತರರು. “ಆದ್ರೆ ಒಳಗೆ ಯಾರೂ ಉಳಿದಿಲ್ಲ.”

ಆ ವರ್ಷ ಫಲಕ ಬೇರೆ ಶಾಲೆಗೆ ಹೋಯಿತು.

ಕತೆ ಮುಗಿಯಿತು. ಬುದ್ಧಿಯವರು ಚಾಚಿದ್ದ ಕಾಲನ್ನು ಮಡಚಿಕೊಂಡರು. ಆದರೆ ‘ಹೋಗಿ ಬಾ’ ಎನ್ನಲಿಲ್ಲ.

ನೀಲಾಂಬಿಕೆಗೆ ತನ್ನ ತರಗತಿ ಕಣ್ಣ ಮುಂದೆ ಬಂತು. ಬೆರಳು ಬಾಯಿಯ ಮೇಲಿಟ್ಟು ತನ್ನ ಕಣ್ಣನ್ನೇ ನೋಡುವ ಮಕ್ಕಳು. ತಾನು ಚಾಕ್‌ಪೀಸಿಗೆಂದು ಹೋದರೆ ಅವರು ಯಾರ ಕಣ್ಣು ನೋಡಬೇಕು? ನಾಳೆ ಗಂಟೆ ಬಾರಿಸುವಾಗ ತಾನು ಎಲ್ಲಿ ನಿಲ್ಲಬೇಕೆಂಬುದು ಅವಳಿಗೆ ಹೊಳೆದಿತ್ತು. ಯಾವ ಕಡೆಗೆ ಮುಖ ಮಾಡಬೇಕೆಂಬುದೂ ಹೊಳೆದಿತ್ತು. ಅದನ್ನು ಹೇಳಿ ಎದ್ದುಬಿಡೋಣವೆಂದುಕೊಂಡಳು. ಸೀದ ವಾಸನೆ ಈಗ ಕೋಣೆಯನ್ನೆಲ್ಲ ತುಂಬಿತ್ತು. ಆದರೂ ಅವಳು ಸೆರಗಿನ ತುದಿಯನ್ನು ಮೂಗಿಗೆ ಒತ್ತಿಕೊಂಡು, ಬುದ್ಧಿಯವರ ಬಾಯನ್ನೇ ನೋಡುತ್ತ ಕುಳಿತಿದ್ದಳು.

“ತಿಳೀತು ಬುದ್ಧಿ” ಅಂದಳು ಕೊನೆಗೆ. “ನಾಳೆ ನಾನೂ ನನ್ನ ಮಕ್ಕಳಿಗೆ ಬೆನ್ನು ಹಾಕಿ ನಿಲ್ತೀನಿ. ಕೇಳದೆ ಏಳೋದನ್ನ ಅವರು ಕಲೀಬೇಕು.”

ಬುದ್ಧಿಯವರು ನಕ್ಕರು.

“ನನ್ನ ರಾತ್ರಿ ಊಟ ಉಕ್ಕಿ ಒಲೆಯ ಪಾಲಾಗಿ ಬಹಳ ಹೊತ್ತಾಯ್ತಲ್ಲ ತಾಯಿ, ನೀನು ಯಾರು ಏಳು ಅನ್ನಲಿ ಅಂತ ಕೂತಿದ್ದೀಯ?”

ನೀಲಾಂಬಿಕೆಯ ಬೆರಳು ತಾನಾಗಿ ತುಟಿಯ ಮೇಲೆ ಹೋಯಿತು.