ನೀರು ಬೇಡವೆಂದ ಕಾವಲಿ

ಸೂರಣ್ಣನ ಹೋಟೆಲಿನಲ್ಲಿ ಎರಡು ದೋಸೆ ಕಾವಲಿಗಳಿದ್ದವು. ಗಿರಾಕಿಗಳು ಹೊಗಳುತ್ತಿದ್ದದ್ದು ಹಳೆಯ ಕಾವಲಿಯ ದೋಸೆಯನ್ನೇ. ಅದನ್ನು ಕೇಳಿ ಕೇಳಿ ಹೊಸದರ ಹೊಟ್ಟೆಕಿಚ್ಚು ಕೆಳಗಿನ ಒಲೆಗಿಂತ ಜೋರಾಗಿತ್ತು.

"ಅಕ್ಕಾ, ಪ್ರತಿ ದೋಸೆಗೂ ಮೊದಲು ನಿನಗೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುತ್ತಾರೆ. ಅಷ್ಟು ಹೊತ್ತು ನೀನು ಸುಮ್ಮನಿರುತ್ತೀಯ. ಆದರೂ ಹೆಸರೆಲ್ಲ ನಿನಗೇ!"

"ನಿನಗೂ ಹಾಗೇ ಮಾಡುತ್ತಾರಲ್ಲ, ತಂಗಿ?"

"ನನಗದು ಬೇಡ. ಬಿಡುವಿಲ್ಲದೆ ಕಾದು ನಿನ್ನನ್ನು ಹಿಂದೆ ಹಾಕುತ್ತೇನೆ."

"ಚುಂಯ್ ಅನ್ನುವ ಆ ಗಳಿಗೆಯಲ್ಲೇ ನಾನು ಉಸಿರಾಡುವುದು. ಅದು ತಪ್ಪಿದರೆ ಹಿಟ್ಟು ಹರಡುವುದಿಲ್ಲ."

"ನಾನು ಮುಂದೆ ಹೋಗುತ್ತೇನೆಂದು ನಿನಗೆ ಭಯ," ಎಂದಿತು ಹೊಸದು.

ಭಾನುವಾರ ಬೆಳಿಗ್ಗೆ ಜನ ಕಿಕ್ಕಿರಿದರು. ಹೊಸ ಕಾವಲಿ ಉರಿಯನ್ನೆಲ್ಲ ಹೀರಿಕೊಂಡು ಕಾಯಿತು. ಸೂರಣ್ಣ ಚಿಮುಕಿಸಿದ ನೀರನ್ನು ಹನಿಹನಿಯಾಗಿ ಆಚೆ ಉರುಳಿಸಿತು. ಹಿಟ್ಟು ಹೊಯ್ದರೆ ಹರಡಲೇ ಇಲ್ಲ. ಸೌಟಿಗೆ ಅಂಟಿಕೊಂಡು ಮುದ್ದೆಯಾಗಿ ಎದ್ದು ಬಂತು. ಮತ್ತೊಮ್ಮೆ ಹೊಯ್ದದ್ದು ಸೀದು ಕರಕಾಯಿತು.

"ಇದು ವಿಪರೀತ ಕಾದುಬಿಟ್ಟಿದೆ. ಇವತ್ತು ಕೆಲಸಕ್ಕೆ ಬರಲ್ಲ," ಎಂದು ಸೂರಣ್ಣ ಅದರ ಒಲೆ ಆರಿಸಿದ. ಇಡೀ ಬೆಳಗು ದೋಸೆಗಳೆಲ್ಲ ಹಳೆಯದರ ಮೇಲೇ ಬೆಂದವು. ಹೊಗಳಿಕೆಗಳನ್ನೆಲ್ಲ ಹೊಸದು ತಣ್ಣಗೆ ಕೂತು ಕೇಳಬೇಕಾಯಿತು.

ಮರುದಿನ ನೀರು ಬಿದ್ದಾಗ ಹೊಸ ಕಾವಲಿ ಚುಂಯ್ ಎಂದು ಉಸಿರು ಬಿಟ್ಟಿತು. ಹಿಟ್ಟು ದುಂಡಗೆ ಹರಡಿತು.

"ಈಗ ಹೇಗಿದೆ, ತಂಗಿ?"

"ಹಾಯಾಗಿದೆ," ಎಂದ ಹೊಸದು ಓರೆಗಣ್ಣಿನಲ್ಲಿ ಪಕ್ಕಕ್ಕೆ ನೋಡಿತು. "ಆದರೆ ಅಕ್ಕಾ, ನಿನಗೆ ನನಗಿಂತ ಜಾಸ್ತಿ ನೀರು ಹಾಕಿದ ಹಾಗಿದೆಯಲ್ಲ?"